ಹೊಸ ಸೋಂಕಿನ ಮೊದಲ ವಾರಗಳಲ್ಲಿ ಮನೆ ನಡೆಸುವುದು ಹೇಗೆ?

ಪ್ರಶ್ನೆ: ಕೋವಿಡ್ ಹರಡಿದ 2020ರ ಮಾರ್ಚ್ ತಿಂಗಳನ್ನು ನಮ್ಮ ಮನೆ ಇನ್ನೂ ಮರೆತಿಲ್ಲ. ಯಜಮಾನರು ಬೆಳಗಿನಿಂದ ರಾತ್ರಿವರೆಗೆ ಟಿವಿ ಮುಂದೆ ಕೂತಿರುತ್ತಿದ್ದರು. ನಾನು ಹೊರಗಿನಿಂದ ಬಂದ ಪ್ರತಿಯೊಂದು ಸಾಮಾನನ್ನೂ, ತರಕಾರಿಯನ್ನೂ ಬಿಡದೆ, ಸೋಪು ನೀರಿನಲ್ಲಿ ತೊಳೆಯುತ್ತಿದ್ದೆ. ಅತ್ತೆಯವರು ‘ಬರುವುದು ಬಂದೇ ಬರುತ್ತದೆ’ ಎಂದು ಯಾವುದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ದಿನಾ ಜಗಳ. ಯಾರಿಗೂ ದೊಡ್ಡ ಅಪಾಯವಾಗಲಿಲ್ಲ. ಆದರೆ ಈಗಲೂ ಎಲ್ಲೋ ಹೊಸ ವೈರಸ್ ಕಾಣಿಸಿಕೊಂಡಿದೆ ಎಂದು ಓದಿದರೆ ಆ ರಾತ್ರಿ ನನಗೆ ನಿದ್ದೆ ಇಲ್ಲ. ಮತ್ತೊಮ್ಮೆ ಅಂಥದ್ದು ಬಂದರೆ ಮೊದಲ ದಿನಗಳಲ್ಲಿ ನಮ್ಮಂಥ ಸಾಮಾನ್ಯರು ಏನು ಮಾಡಬೇಕು, ಏನು ಬಿಡಬೇಕು? ಆಗ ನಾವು ಮಾಡಿದ್ದರಲ್ಲಿ ಸರಿ ಯಾವುದು, ಅತಿ ಯಾವುದು?

ಉತ್ತರ: ನಿಮ್ಮ ಮನೆಯಲ್ಲಿ ಮೂರು ಜನ ಮೂರು ದಾರಿ ಹಿಡಿದಿದ್ದೀರಿ. ಒಬ್ಬರು ಸುದ್ದಿಗೆ ಅಂಟಿಕೊಂಡರು, ಒಬ್ಬರು ತೊಳೆಯುವುದಕ್ಕೆ ನಿಂತರು, ಇನ್ನೊಬ್ಬರು ಎಲ್ಲವನ್ನೂ ವಿಧಿಗೆ ಬಿಟ್ಟರು. ಆಗ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ನಡೆದದ್ದೂ ಇದೇ. ನೋಡಲು ಬೇರೆ ಬೇರೆ ಕಂಡರೂ ಮೂವರೂ ಮಾಡುತ್ತಿದ್ದ ಕೆಲಸ ಒಂದೇ, ಏನೆಂದೇ ತಿಳಿಯದ ಒಂದು ಅಪಾಯದ ಜೊತೆ ದಿನ ದೂಡುವ ಉಪಾಯ ಹುಡುಕುವುದು. ಹಾಗಾಗಿ ಯಾರು ಸರಿ, ಯಾರು ತಪ್ಪು ಎಂಬ ಹಳೆಯ ಜಗಳವನ್ನು ಅಲ್ಲಿಗೇ ಬಿಟ್ಟುಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಕಂಡ ತೊಂದರೆ ಬೇರೆ. ಹೊರಗೆ ಹೋಗಬೇಕೆ, ಬಂದವರನ್ನು ಒಳಗೆ ಕರೆಯಬೇಕೆ, ಇದನ್ನು ತೊಳೆಯಬೇಕೆ, ಅದನ್ನು ಮುಟ್ಟಬಹುದೆ ಎಂಬುದನ್ನು ನೀವು ಪ್ರತಿದಿನ, ಪ್ರತಿ ಸುದ್ದಿ ಬಂದಾಗಲೂ ಹೊಸದಾಗಿ ತೀರ್ಮಾನಿಸುತ್ತಿದ್ದಿರಿ. ಮನೆಮಂದಿಯನ್ನು ಹಣ್ಣುಮಾಡುವುದು ಇದು. ರೋಗಕ್ಕಿಂತ ಮೊದಲು ಈ ಎಡೆಬಿಡದ ಗೊಂದಲವೇ ಜನರ ಶಕ್ತಿಯನ್ನು ಹೀರಿಬಿಡುತ್ತದೆ. ಆದ್ದರಿಂದ ನನ್ನ ಮುಖ್ಯ ಸಲಹೆ ಇಷ್ಟು: ಹೊಸ ಸೋಂಕಿನ ಮೊದಲ ದಿನಗಳಲ್ಲಿ ಮನೆಯ ತೀರ್ಮಾನಗಳನ್ನು ಒಂದು ವಾರದ ಮಟ್ಟಿಗೆ ಮಾಡಿ. ಐದಾರು ಸಾಲಿಗಿಂತ ಹೆಚ್ಚಿಲ್ಲದಂತೆ ಕಾಗದದ ಮೇಲೆ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ವಾರದ ನಡುವೆ ಅದನ್ನು ಚರ್ಚೆಗೆ ಎಳೆಯಬೇಡಿ. ಸರ್ಕಾರದ ಆದೇಶ ಬದಲಾದರೆ ಅಥವಾ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಆ ಮಾತು ಬೇರೆ. ಗೊತ್ತುಮಾಡಿದ ದಿನ ಎಲ್ಲರೂ ಕೂತು, ಹೊಸದಾಗಿ ಏನು ತಿಳಿದಿದೆ ನೋಡಿ, ಬೇಕಾದ್ದನ್ನು ಸೇರಿಸಿ, ಬೇಡದ್ದನ್ನು ಹೊಡೆದುಹಾಕಿ.

ವಾರ ಏಕೆ, ದಿನ ಏಕಲ್ಲ ಎಂದು ಕೇಳಬಹುದು. ಕೋವಿಡ್‌ನ ಲೆಕ್ಕವನ್ನೇ ನೋಡಿ. ವುಹಾನ್‌ನಲ್ಲಿ ಕಾರಣ ತಿಳಿಯದ ನ್ಯುಮೋನಿಯಾ ಇದೆ ಎಂಬ ವಿಷಯ ವಿಶ್ವ ಆರೋಗ್ಯ ಸಂಸ್ಥೆಯ ಗಮನಕ್ಕೆ ಬಂದದ್ದು 2019ರ ಡಿಸೆಂಬರ್ 31ರಂದು. 2020ರ ಜನವರಿ 30ರಂದು ಸಂಸ್ಥೆ ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಮಾರ್ಚ್ 11ರಂದು ಇದು ಜಾಗತಿಕ ಸಾಂಕ್ರಾಮಿಕ ಎಂದಿತು. ಹೆಚ್ಚಿನವರಿಗೆ ಎಚ್ಚರವಾದದ್ದು ಈ ಕೊನೆಯ ತಾರೀಖಿಗೆ. ಆ ಸೋಂಕು ಮೈಸೇರಿದ ಮೇಲೆ ಲಕ್ಷಣ ಕಾಣಿಸಲು ಸರಾಸರಿ ಐದು ದಿನ ಬೇಕಿತ್ತು, ಕೆಲವರಲ್ಲಿ 14 ದಿನದವರೆಗೂ ಹಿಡಿಯುತ್ತಿತ್ತು. ಆಮೇಲೆ ಪರೀಕ್ಷೆ, ಫಲಿತಾಂಶ, ದಾಖಲೆ. ಅಂದರೆ ಸಂಜೆ ಪರದೆಯ ಮೇಲೆ ಬರುವ ಸಂಖ್ಯೆ ಇವತ್ತಿನದಲ್ಲ. ವಾರ, ಹತ್ತು ದಿನದ ಹಿಂದೆ ನಡೆದ ಹರಡುವಿಕೆಯ ಲೆಕ್ಕ ಅದು. ನಿನ್ನೆಗಿಂತ ಇವತ್ತು ಸ್ವಲ್ಪ ಕಮ್ಮಿಯಾಯಿತು ಎಂದು ನಿಟ್ಟುಸಿರು ಬಿಡುವುದಕ್ಕೂ, ಹೆಚ್ಚಾಯಿತು ಎಂದು ಎದೆ ಹಿಡಿದುಕೊಳ್ಳುವುದಕ್ಕೂ ಅರ್ಥವಿಲ್ಲ. ಹೋದ ವಾರವನ್ನು ಈ ವಾರದ ಪಕ್ಕ ಇಟ್ಟು ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುವ ಸೋಂಕು 100 ಜನರಿಂದ ಶುರುವಾದರೆ 30 ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಕೂಡುತ್ತಾ ಹೋಗುವ ಲೆಕ್ಕ ನಮ್ಮ ತಲೆಗೆ ಸುಲಭ, ದುಪ್ಪಟ್ಟಾಗುತ್ತಾ ಹೋಗುವ ಲೆಕ್ಕ ದಕ್ಕುವುದಿಲ್ಲ. ಅದಕ್ಕೇ ಮೊದಲ ವಾರಗಳಲ್ಲಿ ‘ಇಷ್ಟು ಜನಕ್ಕೆ ಇಷ್ಟೆಲ್ಲ ಗಲಾಟೆಯೇ’ ಎನ್ನುವವರೇ ನಾಲ್ಕನೇ ವಾರ ‘ಎಲ್ಲ ಮುಗಿಯಿತು’ ಎನ್ನುತ್ತಾರೆ. ಸರಿಯಾದ ಹೊತ್ತಿನಲ್ಲಿ ತೆಗೆದುಕೊಂಡ ಎಚ್ಚರಿಕೆ ಯಾವಾಗಲೂ ಅತಿಯಾಯಿತೇನೋ ಎಂದೇ ಕಾಣುತ್ತದೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರ, ಸೋಂಕು ಆಗಲೇ ಊರೊಳಗೆ ಬಂದಿದ್ದರೂ, ಸೆಪ್ಟೆಂಬರ್ 28ರಂದು ಯುದ್ಧನಿಧಿಗಾಗಿ ಭಾರಿ ಮೆರವಣಿಗೆ ನಡೆಸಿತು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದವು. ಸೇಂಟ್ ಲೂಯಿಸ್ ನಗರ ಮೊದಲ ಪ್ರಕರಣಗಳು ಕಂಡ ಕೂಡಲೇ, ಅಕ್ಟೋಬರ್ ಮೊದಲ ವಾರದಲ್ಲಿ, ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿತು. ಸಾವಿನ ಪ್ರಮಾಣ ತುತ್ತತುದಿ ಮುಟ್ಟಿದ ವಾರಗಳನ್ನು ಹೋಲಿಸಿದಾಗ ಸೇಂಟ್ ಲೂಯಿಸ್‌ನದು ಫಿಲಡೆಲ್ಫಿಯಾದ ಸುಮಾರು ಎಂಟನೇ ಒಂದು ಭಾಗದಷ್ಟಿತ್ತು. ಅಲ್ಲಿಯ ವರ್ತಕರು ಆಗ ಈ ಮುಚ್ಚುವಿಕೆಯನ್ನು ಹೊಗಳಿದ್ದರೆಂದು ಭಾವಿಸಬೇಡಿ.

ಈಗ ಭಯದ ವಿಷಯ. ಅಪಾಯವನ್ನು ಜನ ಹೇಗೆ ಅಳೆಯುತ್ತಾರೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ತೋರಿಸಿಕೊಟ್ಟದ್ದು ಇದು: ಎಷ್ಟು ಜನ ಸಾಯುತ್ತಾರೆ ಎಂಬುದಕ್ಕಿಂತ, ಅಪಾಯ ಹೊಸದೆ, ಕಣ್ಣಿಗೆ ಕಾಣದ್ದೆ, ನಮ್ಮ ಹಿಡಿತ ಮೀರಿದ್ದೆ ಎಂಬುದೇ ಭಯವನ್ನು ಹೆಚ್ಚಿಸುತ್ತದೆ. ದಿನಾ ರಸ್ತೆಯಲ್ಲಿ ಓಡಾಡುವ ನಾವು ಅಪಘಾತಕ್ಕೆ ಹೆದರಿ ಮನೆಯಲ್ಲಿ ಕೂರುವುದಿಲ್ಲ. ಹೊಸ ಸೋಂಕಿನಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ. ನೀವು ಹೆದರಿದ್ದು ನಿಮ್ಮ ದೌರ್ಬಲ್ಯವಲ್ಲ, ಮನುಷ್ಯರ ಮನಸ್ಸು ಇರುವುದೇ ಹಾಗೆ. ಸ್ವಲ್ಪ ಭಯ ಬೇಕೂ ಬೇಕು. ಭಯವೇ ಇಲ್ಲದವರು ಕೈ ತೊಳೆಯುವುದಿಲ್ಲ, ಜ್ವರ ಇಟ್ಟುಕೊಂಡು ಮದುವೆಗೆ ಹೋಗುತ್ತಾರೆ.

ಇಂಥ ಹೊತ್ತಿನಲ್ಲಿ ಜನ ಹುಚ್ಚೆದ್ದು ವರ್ತಿಸುತ್ತಾರೆ ಎಂಬ ನಂಬಿಕೆ ಬಲವಾಗಿದೆ, ಅಧಿಕಾರದಲ್ಲಿರುವವರಲ್ಲಿ ಇನ್ನೂ ಬಲವಾಗಿದೆ. ವಿಪತ್ತುಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರು, ಮುಖ್ಯವಾಗಿ ಎನ್ರಿಕೊ ಕ್ವಾರಂಟೆಲ್ಲಿ ಮತ್ತು ಅವರ ಸಂಗಡಿಗರು, ಹತ್ತಾರು ವಿಪತ್ತುಗಳ ಸ್ಥಳಕ್ಕೆ ಹೋಗಿ ನೋಡಿದಾಗ ಕಂಡದ್ದು ಬಹುತೇಕ ಇದಕ್ಕೆ ವಿರುದ್ಧ. ಜನ ಹೆದರಿದ್ದರೂ ಒಬ್ಬರಿಗೊಬ್ಬರು ಆಗುತ್ತಾರೆ. ‘ಜನ ಗಾಬರಿಯಾದಾರು’ ಎಂದು ಮಾಹಿತಿ ಮುಚ್ಚಿಟ್ಟಾಗಲೇ ನಿಜವಾದ ಗಾಬರಿ ಹುಟ್ಟುವುದು.

ಹಾಗಾದರೆ ಅಂಗಡಿಗಳ ಕಪಾಟು ಖಾಲಿಯಾದದ್ದು ಏಕೆ? 2020ರಲ್ಲಿ ಹಲವು ದೇಶಗಳಲ್ಲಿ ಟಾಯ್ಲೆಟ್ ಪೇಪರಿಗೆ ನೂಕುನುಗ್ಗಲಾಯಿತು. ಹಾಂಕಾಂಗ್‌ನಲ್ಲಿ ಚಾಕು ತೋರಿಸಿ ಅದನ್ನು ದೋಚಿದ್ದೂ ಉಂಟು. ಓದಿ ನಕ್ಕೆವು. ಆದರೆ ಒಬ್ಬೊಬ್ಬರ ಕಡೆಯಿಂದ ನೋಡಿದರೆ ಅದರಲ್ಲಿ ಹುಚ್ಚು ಕಡಿಮೆ. ‘ನನಗೆ ಭಯವಿಲ್ಲ, ಆದರೆ ಬೇರೆಯವರು ಬಾಚಿಕೊಂಡರೆ ನನಗೆ ಉಳಿಯುವುದಿಲ್ಲ’ ಎಂಬ ಲೆಕ್ಕಾಚಾರ ಸಾವಿರಾರು ಮನೆಗಳಲ್ಲಿ ಒಂದೇ ದಿನ ನಡೆದರೆ ಕಪಾಟು ಬರಿದಾಗುತ್ತದೆ. ಜಪಾನಿನಲ್ಲಿ 1973ರ ತೈಲ ಬಿಕ್ಕಟ್ಟಿನ ವೇಳೆ ಇದೇ ವಸ್ತುವಿಗೆ ಇದೇ ಗತಿಯಾಗಿತ್ತು, ಆಗ ಯಾವ ವೈರಸ್ಸೂ ಇರಲಿಲ್ಲ. ನಾನು ಹೇಳುವ ಅಳತೆ ಇದು: ಇಡೀ ಮನೆ ಎರಡು ವಾರ ಹೊರಗೆ ಕಾಲಿಡದೆ ಇರಬೇಕಾಗಿ ಬಂದರೆ ಎಷ್ಟು ಬೇಕೋ ಅಷ್ಟು ಸಾಮಾನು ಇರಲಿ, ಏಕೆಂದರೆ ಮನೆಯಲ್ಲಿ ಒಬ್ಬರಿಗೆ ಸೋಂಕು ತಗುಲಿದರೆ ಬಾಗಿಲು ಹಾಕಿಕೊಂಡಿರಬೇಕಾದ ಅವಧಿ ಹೆಚ್ಚುಕಡಿಮೆ ಅಷ್ಟು. ದಿನನಿತ್ಯ ನುಂಗುವ ಬಿಪಿ, ಶುಗರ್, ಆಸ್ತಮಾ, ಫಿಟ್ಸ್ ಔಷಧಿಗಳು ಮಾತ್ರ ಒಂದು ತಿಂಗಳಿಗಾಗುವಷ್ಟು ಇರಲಿ. ಇದನ್ನು ಸೋಂಕು ಬಂದ ಮೇಲೆ ಓಡಿಹೋಗಿ ಮಾಡುವ ಬದಲು ಯಾವ ಸುದ್ದಿಯೂ ಇಲ್ಲದ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿಟ್ಟುಕೊಂಡರೆ ಯಾರ ಪಾಲನ್ನೂ ಕಸಿದಂತಾಗುವುದಿಲ್ಲ.

ನಿಮ್ಮ ಯಜಮಾನರ ಟಿವಿಗೆ ಬರೋಣ. 2013ರಲ್ಲಿ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಬಳಿಕ ನಡೆದ ಒಂದು ಅಧ್ಯಯನ ನನಗೆ ಆಗಾಗ ನೆನಪಾಗುತ್ತದೆ. ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯನ್ನು ನೋಡಿದ, ಓದಿದ, ಕೇಳಿದ ಜನರಲ್ಲಿ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಸ್ಥಳದಲ್ಲಿದ್ದವರು ಮತ್ತು ಅವರ ಪರಿಚಿತರಿಗಿಂತಲೂ ಹೆಚ್ಚು ಕಂಡುಬಂದವು. ಮೊದಲೇ ಹೆಚ್ಚು ಆತಂಕ ಇರುವವರು ಹೆಚ್ಚು ಸುದ್ದಿ ನೋಡುತ್ತಾರೆ ಎಂಬುದೂ ನಿಜ. ನೋಡಿದಷ್ಟೂ ಆತಂಕ, ಆತಂಕವಾದಷ್ಟೂ ನೋಡುವುದು. ಟಿವಿ ಆರಿಸಿ ಎಂದು ಗದರಿದರೆ ಕೆಲಸ ಆಗುವುದಿಲ್ಲ. ಮನೆಯ ಪರವಾಗಿ ಸುದ್ದಿ ತಿಳಿದುಕೊಳ್ಳುವ ಹೊಣೆಯನ್ನು ಅವರಿಗೇ ಕೊಟ್ಟುಬಿಡಿ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅರ್ಧರ್ಧ ಗಂಟೆ, ಆರೋಗ್ಯ ಇಲಾಖೆಯ ಪ್ರಕಟಣೆ ಮತ್ತು ಒಂದು ಪತ್ರಿಕೆ. ನಮಗೆ ಸಂಬಂಧಪಟ್ಟದ್ದು ಏನಾದರೂ ಬದಲಾಗಿದ್ದರೆ ಊಟದ ಹೊತ್ತಿಗೆ ಹೇಳಿದರೆ ಸಾಕು. ಮಲಗುವ ಮುಂಚಿನ ಒಂದು ಗಂಟೆ ಯಾರ ಫೋನೂ ಬೇಡ. ಬ್ರೇಕಿಂಗ್ ನ್ಯೂಸ್ ತಡವಾಗಿ ತಿಳಿದದ್ದರಿಂದ ಸೋಂಕು ತಗುಲಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಸುದ್ದಿಯಲ್ಲಿ ಜನರನ್ನು ಅತಿ ಹೆಚ್ಚು ಸಿಟ್ಟಿಗೆಬ್ಬಿಸುವುದು ತಜ್ಞರ ಮಾತು ಬದಲಾಗುವುದು. ಈ ಸಿಟ್ಟು ನ್ಯಾಯವಾದದ್ದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋವಿಡ್ ಶುರುವಿನಲ್ಲಿ ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎಂದಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಏಪ್ರಿಲ್ 3ರಂದು ಎಲ್ಲರೂ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಹಿಗ್ಗಿಸಿದ್ದು ಜೂನ್ 5ರಂದು. ನಡುವೆ ತಿಳಿದುಬಂದದ್ದು ಏನೆಂದರೆ, ಲಕ್ಷಣವೇ ಇಲ್ಲದವರೂ, ಲಕ್ಷಣ ಬರುವ ಒಂದೆರಡು ದಿನ ಮೊದಲಿನವರೂ ಸೋಂಕು ಹರಡಬಲ್ಲರು. ಹೊಸ ವಿಷಯ ತಿಳಿದಾಗ ಸಲಹೆ ಬದಲಾಗಲೇಬೇಕು. ಸಲಹೆ ಬದಲಾಗದಿದ್ದರೆ ಚಿಂತೆ ಮಾಡಬೇಕು. ತಪ್ಪು ಇದ್ದದ್ದು ಮೊದಲ ಸಲಹೆಯನ್ನು ಅಷ್ಟು ಗಟ್ಟಿ ದನಿಯಲ್ಲಿ ಹೇಳಿದ್ದರಲ್ಲಿ. ‘ಇವತ್ತಿಗೆ ನಮಗೆ ಗೊತ್ತಿರುವುದು ಇಷ್ಟು, ಇದು ಬದಲಾಗಬಹುದು’ ಎಂದು ಹೇಳಿದ್ದರೆ ನಮ್ಮ ವೈದ್ಯ ವೃತ್ತಿಯವರ ಮೇಲಿನ ನಂಬಿಕೆ ಅಷ್ಟು ಸವೆಯುತ್ತಿರಲಿಲ್ಲ. ನಿಮಗೆ ಇದರಿಂದ ಸಿಗುವ ಅಳತೆಗೋಲು ಒಂದಿದೆ. ಮೊದಲ ವಾರಗಳಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರ ಮಾತಿಗೆ ಹೆಚ್ಚು ಬೆಲೆ ಕೊಡಿ. ಎಲ್ಲಕ್ಕೂ ಥಟ್ಟನೆ ಉತ್ತರ ಇರುವವರು ಎಂಥ ಪದವಿ ಹೊಂದಿದ್ದರೂ ಅವರನ್ನು ಅನುಮಾನದಿಂದಲೇ ನೋಡಿ.

ಗಾಳಿಸುದ್ದಿಗೆ ನನ್ನ ಬಳಿ ಬೇರೊಂದು ಪರೀಕ್ಷೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ನಿಜವೋ ಸುಳ್ಳೋ ಎಂದು ಪತ್ತೆಹಚ್ಚುವ ಸೌಲಭ್ಯ ಮೊದಲ ದಿನಗಳಲ್ಲಿ ಎಲ್ಲರಿಗೂ ಇರುವುದಿಲ್ಲ, ಕೆಲವೊಮ್ಮೆ ವೈದ್ಯರಿಗೂ ಇರುವುದಿಲ್ಲ. ಆದರೆ ‘ಇದು ಸುಳ್ಳಾಗಿದ್ದರೆ ನನಗೆ ಏನು ನಷ್ಟ’ ಎಂದು ಯಾರು ಬೇಕಾದರೂ ಕೇಳಿಕೊಳ್ಳಬಹುದು. ಕಿಟಕಿ ತೆರೆದಿಟ್ಟರೆ ಒಳ್ಳೆಯದು ಎಂಬ ಸಂದೇಶ ಬಂತು ಅನ್ನಿ. ಸುಳ್ಳಾದರೆ ಸ್ವಲ್ಪ ಧೂಳು ಬಂದೀತು. ಪಾಲಿಸಿ. ಏನನ್ನಾದರೂ ಕುಡಿಯಿರಿ, ನುಂಗಿರಿ, ಮೂಗಿಗೆ ಬಿಟ್ಟುಕೊಳ್ಳಿ ಎಂಬ ಸಂದೇಶ ಬಂತು. ಸುಳ್ಳಾದರೆ ಜೀವಕ್ಕೇ ಸಂಚಕಾರ. ವೈದ್ಯರನ್ನು ಕೇಳದೆ ಬೇಡ. ಇರಾನ್‌ನಲ್ಲಿ 2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮದ್ಯ ಕುಡಿದರೆ ವೈರಸ್ ಸಾಯುತ್ತದೆ ಎಂಬ ಮಾತು ನಂಬಿ ಕಳ್ಳಭಟ್ಟಿಯ ಮೆಥನಾಲ್ ಕುಡಿದು ನೂರಾರು ಜನ ಸತ್ತರು. ಅಮೆರಿಕದಲ್ಲಿ ಒಬ್ಬಾತ ಮೀನಿನ ತೊಟ್ಟಿ ಶುಚಿ ಮಾಡುವ ಕ್ಲೋರೋಕ್ವಿನ್ ರಾಸಾಯನಿಕ ನುಂಗಿ ತೀರಿಕೊಂಡ. ಇಂಥ ಅನರ್ಥ ಬಡಪಾಯಿಗಳಿಂದ ಮಾತ್ರ ಆಗುತ್ತದೆ ಎಂದುಕೊಳ್ಳಬೇಡಿ. 2009ರಲ್ಲಿ ಹಂದಿಜ್ವರ ಎನಿಸಿಕೊಂಡ ಎಚ್1ಎನ್1 ಬಂದಾಗ, ಹಂದಿಮಾಂಸದಿಂದ ಅದು ಹರಡುವುದಿಲ್ಲ ಎಂದು ತಜ್ಞರು ಹೇಳುತ್ತಿದ್ದರೂ ಈಜಿಪ್ಟ್ ಸರ್ಕಾರ ದೇಶದ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ಮೂರನೇ ಬಗೆಯ ಸಂದೇಶಗಳೂ ಇವೆ, ಇಂಥವರಿಂದಲೇ ರೋಗ ಬಂತು ಎಂದು ಒಂದು ಜನವರ್ಗದತ್ತ ಬೊಟ್ಟು ಮಾಡುವಂಥವು. ಅವು ಸುಳ್ಳಾದರೆ ನಷ್ಟ ಬೇರೆಯವರಿಗೆ. ನಿಜವೆಂದು ತೋರಿದರೂ ಮುಂದಕ್ಕೆ ಕಳಿಸಬೇಡಿ. ಜನ ನಾಚಿಕೆಯಿಂದ, ಹೆದರಿಕೆಯಿಂದ ಲಕ್ಷಣ ಮುಚ್ಚಿಟ್ಟರೆ ಸೋಂಕಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇನ್ನು ನಿಮ್ಮ ಸೋಪು ನೀರು. ಆಗಿನ ತಿಳಿವಳಿಕೆಯ ಮಟ್ಟಿಗೆ ಹೊರಗಿನಿಂದ ಬಂದ ಡಬ್ಬ, ಪೊಟ್ಟಣ ಒರೆಸಿದ್ದು ತಪ್ಪಲ್ಲ. ಮೇಲ್ಮೈಗಳಿಂದ ಹರಡುತ್ತದೆ ಎಂಬ ಶಂಕೆ ಬಲವಾಗಿತ್ತು. ಸೋಂಕಿತ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗುಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ತರಕಾರಿಯನ್ನು ಸೋಪಿನಲ್ಲಿ ತೊಳೆದದ್ದು ಮಾತ್ರ ಬೇಡವಾಗಿತ್ತು. ಸೋಪು ಸಿಪ್ಪೆಯೊಳಗೆ ಇಳಿದು ಹೊಟ್ಟೆ ಸೇರುತ್ತದೆ, ವಾಂತಿ ಭೇದಿ ಆಗಬಹುದು. ಹರಿಯುವ ನೀರು ಸಾಕು. ಕೈಗೆ ಸೋಪು ಯಾವತ್ತೂ ಬೇಕು. ಕೊಬ್ಬಿನ ಹೊದಿಕೆ ಇರುವ ವೈರಸ್ಸುಗಳನ್ನು ಅದು ಒಡೆದುಹಾಕುತ್ತದೆ, 20 ಸೆಕೆಂಡ್ ಉಜ್ಜಬೇಕು ಅಷ್ಟೆ. ಸೋಪು ನೀರು ಸಿಗದ ಕಡೆ ಕನಿಷ್ಠ 60 ಶೇಕಡ ಆಲ್ಕೋಹಾಲ್ ಇರುವ ಸ್ಯಾನಿಟೈಸರ್.

ಮುಂದಿನ ಸೋಂಕು ಕೋವಿಡ್‌ನಂತೆಯೇ ಇರುತ್ತದೆ ಎಂದೇನೂ ಇಲ್ಲ. ಕಾಲರಾ ನೀರಿನಿಂದ, ಮಲೇರಿಯಾ ಸೊಳ್ಳೆಯಿಂದ, ಎಚ್‌ಐವಿ ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ. ಹೊಸದು ಬಂತೆಂದಾಗ ಸಂಖ್ಯೆ ಕೇಳುವ ಮೊದಲು ‘ಹೇಗೆ ಹರಡುತ್ತದೆ’ ಎಂದು ಕೇಳಿ, ಮನೆಯ ಕಾಗದದ ಮೊದಲ ಸಾಲು ಅದೇ ಆಗಿರಲಿ. ಉತ್ತರ ಇನ್ನೂ ಬಂದಿಲ್ಲ ಎಂದಾದರೆ, ಇತ್ತೀಚಿನ ಜಾಗತಿಕ ಸಾಂಕ್ರಾಮಿಕಗಳಲ್ಲಿ ಹೆಚ್ಚಿನವು ಉಸಿರಿನ ಮೂಲಕ ಹರಡಿದವು ಎಂಬುದನ್ನು ನೆನಪಿಟ್ಟು, ಮುಚ್ಚಿದ ಕೋಣೆಯಲ್ಲಿ ಬಹಳ ಜನ ಬಹಳ ಹೊತ್ತು ಸೇರುವುದನ್ನು ಮೊದಲು ಬಿಡಿ. ಗಾಳಿಯಾಡುವ ಜಾಗ, ಮಾಸ್ಕ್, ಮೈ ಸರಿಯಿಲ್ಲದವರು ಮನೆಯಲ್ಲೇ ಉಳಿಯುವುದು ಇವು ಅಂಥ ಯಾವ ರೋಗಕ್ಕೂ ನಡೆಯುತ್ತವೆ.

ಇದಕ್ಕಿಂತ ಹೆಚ್ಚು ಹೊತ್ತು ಕೂತು ಮಾತಾಡಬೇಕಾದ್ದು ‘ನಮ್ಮಲ್ಲಿ ಒಬ್ಬರು ಮಲಗಿದರೆ ಏನು’ ಎಂಬುದರ ಬಗ್ಗೆ. ಈ ಮಾತು ಅಪಶಕುನ ಎಂದು ಬಹಳ ಮನೆಗಳಲ್ಲಿ ಎತ್ತುವುದೇ ಇಲ್ಲ. ಯಾವ ಕೋಣೆ, ಯಾರು ಆರೈಕೆ ಮಾಡುವುದು, ಆರೈಕೆ ಮಾಡುವವರೇ ಮಲಗಿದರೆ ಮುಂದೆ ಯಾರು, ಮಕ್ಕಳು ಯಾರ ಬಳಿ ಇರುತ್ತಾರೆ, ಆಸ್ಪತ್ರೆಗೆ ಹೋಗುವ ವಾಹನ ಯಾವುದು, ಹಣ ಎಲ್ಲಿದೆ, ಹಳೆಯ ರೋಗಗಳ ಚೀಟಿಗಳು ಎಲ್ಲಿವೆ. ಫೋನ್ ನಂಬರುಗಳನ್ನು ಕಾಗದದ ಮೇಲೂ ಬರೆದಿಡಿ, ಏಕೆಂದರೆ ಮೊಬೈಲು ಮಲಗಿದವರ ಕೈಯಲ್ಲೇ ಉಳಿದಿರುತ್ತದೆ. ಆರೈಕೆಗೆ ಒಬ್ಬರೇ ನಿಂತರೆ ಒಳ್ಳೆಯದು, ಅವರು ಗಟ್ಟಿಮುಟ್ಟಾಗಿರಬೇಕು. ರೋಗಿಯ ಕೋಣೆಯ ಕಿಟಕಿ ತೆರೆದಿರಲಿ, ಒಳಗೆ ಹೋದಾಗ ಇಬ್ಬರಿಗೂ ಮಾಸ್ಕ್. ಬೇರೆ ಕೋಣೆಯೇ ಇಲ್ಲದ ಮನೆಯಲ್ಲಿ ಕಿಟಕಿ ಹತ್ತಿರದ ಮೂಲೆಯನ್ನು ರೋಗಿಗೆ ಬಿಟ್ಟು, ಉಳಿದವರು ಆದಷ್ಟು ದೂರ, ತಲೆ ಒಂದು ದಿಕ್ಕು ಕಾಲು ಒಂದು ದಿಕ್ಕು ಮಾಡಿಕೊಂಡು ಮಲಗುವುದು. ಪಾತ್ರೆ ಬಟ್ಟೆಗಳನ್ನು ಸುಡಬೇಕಿಲ್ಲ, ಸೋಪಿನಲ್ಲಿ ತೊಳೆದರಾಯಿತು.

ಉಸಿರಾಟದ ಸೋಂಕಿನಲ್ಲಿ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಗೊತ್ತಿದ್ದರೆ ಅರ್ಧ ಆತಂಕ ಇಳಿಯುತ್ತದೆ: ಉಸಿರಾಡಲು ಕಷ್ಟ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ, ಇದ್ದಕ್ಕಿದ್ದಂತೆ ಮಾತು ತಡಬಡಿಸುವುದು ಅಥವಾ ಗೊಂದಲ, ಎಬ್ಬಿಸಿದರೂ ಏಳದಿರುವುದು, ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗುವುದು. ಕಪ್ಪು ಮೈಬಣ್ಣದವರಲ್ಲಿ ಈ ಕೊನೆಯದು ಸುಲಭವಾಗಿ ಕಾಣುವುದಿಲ್ಲ, ನಾಲಿಗೆ ಮತ್ತು ತುಟಿಯ ಒಳಭಾಗ ನೋಡಿ. ಇವು ಯಾವುವೂ ಇಲ್ಲದೆ ಬರೀ ಜ್ವರ, ಕೆಮ್ಮು, ಮೈಕೈ ನೋವು ಇದ್ದರೆ ಮೊದಲು ಫೋನ್ ಮಾಡಿ ಕೇಳಬಹುದು. ಆದರೆ ವಯಸ್ಸಾದವರು, ಗರ್ಭಿಣಿಯರು, ಹಳೆಯ ಕಾಯಿಲೆ ಇರುವವರ ವಿಷಯದಲ್ಲಿ ಕಾದು ನೋಡುತ್ತಾ ಕೂರಬೇಡಿ.

ಆಸ್ಪತ್ರೆಗೆ ಹೆದರುವುದರ ಬಗ್ಗೆ ಒಂದು ಮಾತು, ಇದನ್ನು ಜನ ಮರೆತೇಬಿಟ್ಟಿದ್ದಾರೆ. 2020ರ ಮಾರ್ಚ್‌ನಲ್ಲಿ ಇಟಲಿಯ ಹೃದ್ರೋಗ ತಜ್ಞರು ಒಂದು ವಾರದ ಲೆಕ್ಕ ತೆಗೆದು ಹಿಂದಿನ ವರ್ಷದ ಅದೇ ವಾರದ ಜೊತೆ ಹೋಲಿಸಿದರು. ಹೃದಯಾಘಾತವಾಗಿ ದಾಖಲಾದವರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದಾಖಲಾದವರಲ್ಲಿ ಸತ್ತವರ ಪ್ರಮಾಣ ಮೂರು ಪಟ್ಟು ಏರಿತ್ತು. ಹೃದಯಾಘಾತ ಕಡಿಮೆಯಾಗಿರಲಿಲ್ಲ. ಜನ ಸೋಂಕಿಗೆ ಹೆದರಿ ಎದೆನೋವು ಸಹಿಸಿಕೊಂಡು ಮನೆಯಲ್ಲೇ ಉಳಿದರು, ತಡವಾಗಿ ಬಂದರು. ಅದೇ ವರ್ಷ ಜಗತ್ತಿನಲ್ಲಿ ಸುಮಾರು 2 ಕೋಟಿ 30 ಲಕ್ಷ ಮಕ್ಕಳಿಗೆ ವಾಡಿಕೆಯ ಲಸಿಕೆ ಪೂರ್ತಿಯಾಗಿ ಸಿಗಲಿಲ್ಲ. ಎದೆನೋವು, ಲಕ್ವ, ಹೆರಿಗೆ ನೋವು, ಮಗುವಿನ ಲಸಿಕೆ ಇವಕ್ಕೆ ಸಾಂಕ್ರಾಮಿಕದಲ್ಲೂ ರಜೆ ಇಲ್ಲ. ಇದನ್ನೂ ನಿಮ್ಮ ಕಾಗದದಲ್ಲಿ ಒಂದು ಸಾಲು ಬರೆಯಿರಿ.

ಅತ್ತೆಯವರ ವಿಷಯ ಸೂಕ್ಷ್ಮ. ‘ಬರುವುದು ಬಂದೇ ಬರುತ್ತದೆ’ ಎನ್ನುವವರೆಲ್ಲ ಅಜ್ಞಾನಿಗಳಲ್ಲ. ಅವರ ಕಾಲದಲ್ಲಿ ಸಿಡುಬು, ಕಾಲರಾ ಕಂಡಿರಬಹುದು, ಹತ್ತಿರದವರನ್ನು ಕಳೆದುಕೊಂಡಿರಬಹುದು. ಭಯವನ್ನು ದೂರ ಇಡಲು ಅವರಿಗೆ ಒಗ್ಗಿದ ದಾರಿ ಅದು. ಅಂಕಿಅಂಶ ಹೇಳಿ ಅವರನ್ನು ಸೋಲಿಸಲು ಹೋದರೆ ಅವರು ಇನ್ನಷ್ಟು ಬಿಗಿಯಾಗುತ್ತಾರೆ, ಮೇಲಾಗಿ ಸೊಸೆಯಿಂದ ಪಾಠ ಹೇಳಿಸಿಕೊಂಡಂತೆ ಆಗುತ್ತದೆ. ಹತ್ತು ನಿಯಮ ಹೇರದೆ ಒಂದನ್ನು ಮಾತ್ರ ಕೇಳಿ, ಅತಿ ಹೆಚ್ಚು ಅಪಾಯದ್ದನ್ನು: ‘ಈ ವಾರ ಜನ ಸೇರುವ ಕಡೆ ಹೋಗಬೇಡಿ ಅತ್ತೆ, ಮುಂದಿನ ವಾರ ಮತ್ತೆ ನೋಡೋಣ.’ ಒಂದು ವಾರಕ್ಕೆ ಒಪ್ಪುವುದು ಎಂಥ ಹಟದವರಿಗೂ ಸುಲಭ. ಮಾತು ಮಗನಿಂದಲೋ, ಅವರು ಗೌರವಿಸುವ ವೈದ್ಯರಿಂದಲೋ ಬಂದರೆ ಇನ್ನೂ ಸುಲಭ. ಹೋಗದಿರುವುದರಿಂದ ಅವರು ಕಳೆದುಕೊಳ್ಳುವುದು ಏನೆಂದು ಯೋಚಿಸಿ, ಅದಕ್ಕೆ ಬದಲಿ ಮಾಡಿಕೊಡಿ. ಬಹುಪಾಲು ಅದು ಗೆಳತಿಯರ ಜೊತೆಗಿನ ಮಾತು. ದಿನಾ ಒಂದು ಗೊತ್ತಾದ ಹೊತ್ತಿಗೆ ಫೋನ್ ಹಚ್ಚಿಕೊಟ್ಟರೆ ಆ ಜಗಳದ ಅರ್ಧ ಅಲ್ಲೇ ಮುಗಿಯುತ್ತಿತ್ತೇನೋ.

ನಾನು ಹೇಳಿದ ಎಲ್ಲವೂ ಮನೆಯಲ್ಲಿ ಕೂತರೂ ಒಲೆ ಉರಿಯುವವರಿಗೆ ಹೇಳಿದ್ದು ಎಂಬ ಅರಿವು ನನಗಿದೆ. ದಿನಗೂಲಿಯವರಿಗೆ ಎರಡು ವಾರದ ಸಾಮಾನು ಎಂದರೆ ತಮಾಷೆಯ ಮಾತು. ಇಂಗ್ಲೆಂಡಿನ ಈಯಂ ಎಂಬ ಹಳ್ಳಿಯ ಜನ 1666ರಲ್ಲಿ ಪ್ಲೇಗ್ ಹೊರಗೆ ಹರಡಬಾರದೆಂದು ತಮಗೆ ತಾವೇ ಗಡಿ ಹಾಕಿಕೊಂಡು ಒಳಗೇ ಉಳಿದರು. ಅವರ ತ್ಯಾಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಕ್ಕಪಕ್ಕದ ಊರಿನವರು ಆಹಾರವನ್ನು ಗಡಿಕಲ್ಲಿನ ಬಳಿ ಇಟ್ಟುಹೋಗುತ್ತಿದ್ದರು, ಹಳ್ಳಿಯವರು ಹಣವನ್ನು ವಿನೆಗರ್ ತುಂಬಿದ ಕುಳಿಗಳಲ್ಲಿ ಹಾಕಿಡುತ್ತಿದ್ದರು ಎಂಬ ಭಾಗ ನನಗೆ ಹೆಚ್ಚು ಮುಖ್ಯ. ಅನ್ನ ಬರದಿದ್ದರೆ ಗಡಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. 2020ರ ಫೆಬ್ರುವರಿಯಲ್ಲಿ, ಹಿಂದಿನ ಸಾಂಕ್ರಾಮಿಕಗಳ ಕ್ವಾರಂಟೈನ್ ಕುರಿತ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಯೊಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಳಗಿದ್ದವರ ಮನಸ್ಸು ಕೆಡಿಸಿದ ಕಾರಣಗಳಲ್ಲಿ ರೋಗದ ಭಯದ ಜೊತೆಗೆ ದೀರ್ಘ ಅವಧಿ, ಬೇಸರ, ಸಾಮಾನಿನ ಕೊರತೆ, ಸ್ಪಷ್ಟ ಮಾಹಿತಿ ಇಲ್ಲದಿರುವುದು, ಹಣದ ನಷ್ಟ, ಕಳಂಕ ಇವಿದ್ದವು. ಇವುಗಳಲ್ಲಿ ಹಲವನ್ನು ಪಕ್ಕದ ಮನೆಯವರು ಕಡಿಮೆ ಮಾಡಬಲ್ಲರು. ಆದ್ದರಿಂದ ನಿಮ್ಮ ಮನೆಯ ಕಾಗದ ಮುಗಿದ ಮೇಲೆ ಸುತ್ತಲಿನ ನಾಲ್ಕೈದು ಮನೆಗಳಲ್ಲಿ ಒಂಟಿಯಾಗಿರುವವರು ಯಾರು, ದಿನಗೂಲಿಯವರು ಯಾರು, ಚಿಕ್ಕ ಮಕ್ಕಳಿರುವವರು ಯಾರು ಎಂದು ನೋಡಿ, ಅವರ ನಂಬರ್ ತೆಗೆದುಕೊಳ್ಳಿ. ಬಾಗಿಲಲ್ಲಿ ಸಾಮಾನು ಇಟ್ಟು ಗಂಟೆ ಬಾರಿಸಿ ಬರುವುದಕ್ಕೆ ಯಾವ ನಿಯಮವೂ ಅಡ್ಡಿಯಾಗುವುದಿಲ್ಲ. ಮನೆಯೇ ಸುರಕ್ಷಿತವಲ್ಲದ ಹೆಣ್ಣುಮಕ್ಕಳೂ ಇರುತ್ತಾರೆ, ಬಾಗಿಲು ಮುಚ್ಚಿದ ಕಾಲದಲ್ಲಿ ಹೊಡೆತ ಬಡಿತ ಹೆಚ್ಚುತ್ತದೆ. ಅಂಥವರು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅವರಿಗೆ ಆಗಾಗ ಫೋನ್ ಮಾಡುತ್ತಿರಿ.

ನಿಮ್ಮ ನಿದ್ದೆಯ ಬಗ್ಗೆ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಲ್ಲಿ ಸುಮಾರು ಶೇ 25ರಷ್ಟು ಹೆಚ್ಚಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಡುತ್ತೇನೆ. 21 ದೇಶಗಳ ದಾಖಲೆ ನೋಡಿದ ಅಧ್ಯಯನವೊಂದರ ಪ್ರಕಾರ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆಗಳು, ಎಲ್ಲರೂ ಹೆದರಿದ್ದಂತೆ, ಒಟ್ಟಾರೆ ಏರಲಿಲ್ಲ. ಅವು ಹೆಚ್ಚಾಗಿ ಉಳ್ಳ ದೇಶಗಳು ಎಂಬುದೂ ನಿಜ. ಜನ ನಲುಗಿದರು, ಬಹುಪಾಲು ಮುರಿಯಲಿಲ್ಲ. ಹೊಸ ವೈರಸ್ ಸುದ್ದಿ ಓದಿದ ರಾತ್ರಿ ನಿದ್ದೆ ಬಾರದೆ ಮರುದಿನ ಸರಿಹೋದರೆ ಅದಕ್ಕೆ ಚಿಕಿತ್ಸೆ ಬೇಡ. ಆದರೆ ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಎದೆ ಬಡಿತ, ಮತ್ತೆ ಮತ್ತೆ ತೊಳೆಯುವ ಒತ್ತಾಯ ಬಿಡದಿದ್ದರೆ, ಕೆಲಸ ಮಾಡಲು ಆಗದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕುವುದೇ ಬೇಡ ಎನ್ನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ತೊಳೆಯುವ ವಿಷಯವನ್ನು ನಾನು ಸುಮ್ಮನೆ ಸೇರಿಸಿಲ್ಲ. ಆಗ ಶುರುವಾದ ಆ ಅಭ್ಯಾಸ ಈಗಲೂ ನಿಮ್ಮ ದಿನದ ಬಹಳ ಹೊತ್ತು ತಿನ್ನುತ್ತಿದ್ದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಪತ್ರದಲ್ಲಿ ನೀವು ಬರೆಯದಿದ್ದರೂ ಹೇಳಿಬಿಡುತ್ತೇನೆ.

ಮೊದಲ ದಿನಗಳು ಎಂದರೆ ಎಲ್ಲಿಯವರೆಗೆ ಎಂಬುದು ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೆ ಕಾಗದ ಅಂಟಿಸಿದ ಮೇಲೆ ಅದೇ ದೊಡ್ಡ ತಲೆನೋವು. ಹೇಗೆ ಹರಡುತ್ತದೆ, ಯಾರಿಗೆ ಹೆಚ್ಚು ಅಪಾಯ ಎಂಬ ಎರಡಕ್ಕೂ ಬೇರೆ ಬೇರೆ ದೇಶಗಳಿಂದ ಒಂದೇ ಉತ್ತರ ಬರತೊಡಗಿದಾಗ, ನಂಬಬಹುದಾದ ಪರೀಕ್ಷೆ ನಿಮ್ಮ ಹತ್ತಿರದಲ್ಲೇ ಸಿಗುವಂತಾದಾಗ ಆ ಹಂತ ದಾಟಿತು ಎನ್ನಬಹುದು. ಅಲ್ಲಿಂದ ಮುಂದೆ ವಾರದ ಕಾಗದ ತಿಂಗಳಿನದಾದರೂ ನಡೆಯುತ್ತದೆ. ನಿಯಮ ಸಡಿಲಿಸುವಾಗ ಒಂದು ವಾರಕ್ಕೆ ಒಂದೇ ಸಾಲು ಹೊಡೆದುಹಾಕಿ. 1918ರ ನವೆಂಬರ್‌ನಲ್ಲಿ ನಿರ್ಬಂಧ ಸಡಿಲವಾದಾಗ ಸೇಂಟ್ ಲೂಯಿಸ್‌ನಲ್ಲೂ ಸಾವು ಮತ್ತೆ ಏರಿತ್ತು. ಮೊದಲು ಹೊಡೆಯಬೇಕಾದ್ದು ದುಡಿಮೆ ಹೆಚ್ಚು, ಪ್ರಯೋಜನ ಕಮ್ಮಿ ಎಂದು ಸಾಬೀತಾದ ಸಾಲುಗಳನ್ನು, ಕೋವಿಡ್‌ನಲ್ಲಾದರೆ ಸಾಮಾನು ತೊಳೆಯುವುದು. ಕಿಟಕಿ ತೆರೆದಿಡುವುದು, ಜ್ವರ ಬಂದವರು ಮನೆಯಲ್ಲಿರುವುದು ಇವೆರಡನ್ನು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.